ಪಕ್ಕದ ಬೋರ್ಡು

ಮೂವತ್ತೆಂಟು ಪುಟದ ಪಾಲಿಸಿ. ಅಕ್ಷರ ಸಾಸಿವೆಗಿಂತ ಸಣ್ಣದು.
ಸವಳಂಗ ರಸ್ತೆಯ ಆಫೀಸಿನ ಹುಡುಗ, ಪ್ರಣೀತ,
ಸಹಿಯ ಜಾಗಕ್ಕೆಲ್ಲ ಪೆನ್ಸಿಲಿನಲ್ಲಿ ಗುರುತು ಮಾಡಿದ್ದ.
"ಓದೋದೇನಿಲ್ಲ ಆಂಟಿ, ಎಲ್ಲರದ್ದೂ ಒಂದೇ ಥರ."

ನಾನು ಓದಿದೆ. ಫ್ಲೇವಿಯಾ ಕೇಳಿಸಿಕೊಂಡಳು.
ಮೂವತ್ತೊಂದು ವರ್ಷ ಶಿವಮೊಗ್ಗದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ಅಕ್ಕಪಕ್ಕದ ಬೋರ್ಡಿಗೆ ಕೂತವರು ನಾವು;
ಊರಿನ ಮಾತೆಲ್ಲ ಕಿವಿಗೆ ಬಿದ್ದರೂ ಬೀಳದಂತೆ ಇದ್ದವರು.
ಈಗ ಮೊದಲ ಸಲ ಸಮುದ್ರ ದಾಟುವ ಆಸೆ:
ಕೊಲಂಬೊ, ಕ್ಯಾಂಡಿ, ಆರು ರಾತ್ರಿ, ತಿಂಡಿ ಸೇರಿ.

ಪೆಟ್ಟಿಗೆ ತಡವಾದರೆ ದುಡ್ಡುಂಟು, ಹನ್ನೆರಡು ಗಂಟೆ ಕಳೆದ ಮೇಲೆ.
"ಅಲ್ಲೀವರೆಗೆ?"
ಉಟ್ಟ ಸೀರೆಯಲ್ಲೇ.
ಪೆಟ್ಟಿಗೆ ಕಳೆದುಹೋದರೂ ಉಂಟು, ನೀವು ಅದರ ಪಕ್ಕದಲ್ಲೇ ಇದ್ದಿದ್ದರೆ.
"ಪಕ್ಕದಲ್ಲಿದ್ದರೆ ಕಳೆಯೋದು ಹ್ಯಾಗೆ ಮಾರಾಯ್ತಿ?"
ಯುದ್ಧ, ದಂಗೆ, ಅಣುವಿಕಿರಣ, ಕುಡಿದು ಬಿದ್ದದ್ದು: ಇಲ್ಲ.
ಕಾಲಿಗೆ ಹಗ್ಗ ಕಟ್ಟಿಕೊಂಡು ಬೆಟ್ಟದಿಂದ ಹಾರುವುದು: ಇಲ್ಲ.
ಇಲ್ಲಿ ಇಬ್ಬರಿಗೂ ನಗು ತಡೆಯಲಾಗಲಿಲ್ಲ.
ಹಲ್ಲುನೋವು ಇದೆ, ಹಠಾತ್ತಾಗಿ ಬಂದರೆ ಮಾತ್ರ.
ಮೊದಲೇ ಇದ್ದ ಕಾಯಿಲೆಯನ್ನು ಹೇಳಿದರೆ ಆ ಕಾಯಿಲೆಗಿಲ್ಲ,
ಮುಚ್ಚಿಟ್ಟರೆ ಯಾವುದಕ್ಕೂ ಇಲ್ಲ.
ಉಬ್ಬಸ ಅಂತ ಅವಳು ಬರೆಸಿದಳು, ಬಿ.ಪಿ. ಅಂತ ನಾನು.
ಎಪ್ಪತ್ತು ದಾಟಿದವರಿಗೆ ಬೇರೆ ಪ್ಲಾನು;
ಅವಳಿಗೆ ಎಪ್ಪತ್ತೊಂದು, ನನಗೆ ಅರವತ್ತೆಂಟು.
ಹಾಗಾಗಿ ಎರಡು ಪಾಲಿಸಿ, ಎರಡು ನಂಬರು.
ಅದೊಂದು ಸಣ್ಣ ವಿಷಯ ಅಂದುಕೊಂಡೆವು.

ಹೊರಡುವುದಕ್ಕೆ ಎಂಟು ದಿನ ಇತ್ತು.
ಗಾಂಧಿ ಬಜಾರಿನಲ್ಲಿ ಸೂಟ್‌ಕೇಸಿಗೆ ಬೀಗ ಕೊಂಡು
ಅಂಗಡಿಯ ಮೆಟ್ಟಿಲಿಳಿಯುವಾಗ ಕಾಲು ಜಾರಿ
ಅವಳ ಸೊಂಟದ ಮೂಳೆ ಮುರಿಯಿತು.
ಬೀಗ ಕೈಯಲ್ಲೇ ಇತ್ತು.

ಅವಳ ಟಿಕೆಟ್ಟಿನ ದುಡ್ಡು ಬಂತು, ಐದು ಸಾವಿರ ಮುರಿದುಕೊಂಡು.
ನನ್ನದು ಬರಲಿಲ್ಲ.
ಫೋನಿನಲ್ಲಿ ಸಂಗೀತ. "ನಿಮ್ಮ ಕರೆ ನಮಗೆ ಅಮೂಲ್ಯ." ಮತ್ತೆ ಸಂಗೀತ.
ಜನರನ್ನು ಕಾಯಿಸಿ ಸಂಬಳ ತಿಂದವಳು, ನನಗೇನು ಬೇಜಾರು.
ಕೊನೆಗೊಂದು ಮರ್ಯಾದಸ್ಥ ದನಿ:
"ಮೇಡಂ, ನಿಮಗೇನೂ ಆಗಿಲ್ಲವಲ್ಲ.
ಗಂಡ, ಮಕ್ಕಳು, ತಂದೆತಾಯಿ, ಒಡಹುಟ್ಟಿದವರು, ಇಷ್ಟೇ ಕುಟುಂಬ.
ಅವರು ನಿಮಗೆ ಏನಾಗಬೇಕು?"

ಪುಟ ಇಪ್ಪತ್ತೇಳು, ಉಪಕಲಮು ಹನ್ನೊಂದು:
ಪ್ರಯಾಣಕ್ಕೆ ಮನಸ್ಸಿಲ್ಲದಿರುವುದು ಈ ಪಾಲಿಸಿಗೆ ಒಳಪಡುವುದಿಲ್ಲ.

ಸರಿಯೇ. ನನಗೆ ಮನಸ್ಸಿರಲಿಲ್ಲ.
ಬರೆದವನ ತಪ್ಪಲ್ಲ; ಎಷ್ಟು ಜನರ ಮನಸ್ಸಿಗೆ ಅವನು ಬೆಲೆ ಕಟ್ಟಿಯಾನು?

ಆದರೂ ಒಂದು ರಾತ್ರಿಪಾಳಿ ನೆನಪಾಯಿತು.
ಟ್ರಂಕ್ ಕಾಲಿಗೆ ಮೂರು ನಿಮಿಷದ ಲೆಕ್ಕ,
ಮುಗಿದರೆ ನಡುವೆ ಬಾಯಿ ಹಾಕಬೇಕು, ಚೀಟಿಗೆ ಬರೆಯಬೇಕು.
ಯಾರೋ ಒಬ್ಬ, ಬೊಂಬಾಯಿಗೆ, "ಅಪ್ಪಯ್ಯ ಹೋದರು" ಅಂದ.
ಆಮೇಲೆ ಈ ಕಡೆಯೂ ಮಾತಿಲ್ಲ, ಆ ಕಡೆಯೂ ಇಲ್ಲ.
ಮೂರಾಯಿತು. ಆರು. ಒಂಬತ್ತು.
ಫ್ಲೇವಿಯಾ ಗಡಿಯಾರಕ್ಕೆ ಬೆನ್ನು ಹಾಕಿ ಕೂತಳು.
ಚೀಟಿಗೆ ಬರೆದದ್ದು: ಮೂರು.
ನಾನು ನೋಡಿದೆ. ಆಮೇಲೆ ಎಷ್ಟೋ ಸಲ ನಾನೂ ಹಾಗೇ ಬರೆದೆ.
ಸಿಕ್ಕಿಬಿದ್ದಿದ್ದರೆ ಇಬ್ಬರಿಗೂ ಮೆಮೊ.

ಮೆಗ್ಗಾನ್ ಆಸ್ಪತ್ರೆಯ ಮಂಚದಿಂದ ಅವಳು ಬೈದಳು:
"ಹೋಗಿ ಬರೋದಲ್ವೇನೇ? ಕ್ಯಾಂಡಿಯ ಆನೆ ನನ್ನನ್ನ ವಿಚಾರಿಸ್ತಿತ್ತಾ?"
ಅವಳ ಊಟದ ತಟ್ಟೆ ಬೋರಲು ಹಾಕಿ, ಅದರ ಮೇಲಿಟ್ಟುಕೊಂಡು
ನಾನು ಮೇಲ್ಮನವಿಯ ಫಾರಂ ತುಂಬುತ್ತಿದ್ದೆ.
ಸಿಗದು ಅಂತ ಗೊತ್ತು. ಖಾಲಿ ಬಿಡುವುದು ನಮ್ಮ ಇಲಾಖೆಯ ಅಭ್ಯಾಸವಲ್ಲ.

'ಸಂಬಂಧ' ಅನ್ನುವ ಕಡೆ ಒಂದಂಗುಲ ಜಾಗ.
"ಏನು ಬರೀತೀಯ?" ಕತ್ತೆತ್ತಿ ಇಣುಕಿದಳು.
ಪಕ್ಕದ ಬೋರ್ಡು, ಅಂತ ಬರೆದೆ.
"ಹದಿನಾಲ್ಕನೇ ನಂಬರು ಅಂತ ಸೇರಿಸು," ಅಂದಳು,
"ಇಲ್ಲದಿದ್ದರೆ ಅವರಿಗೆ ಗುರುತು ಸಿಕ್ಕಲ್ಲ."