ಕೆಳಗಿನ ಕೈ

ನಮ್ಮ ದೋಣಿಯನ್ನು ಪರಿಕ್ರಮೆಯವರು ಹತ್ತುವುದಿಲ್ಲ.
ಕಡಲು ಸಿಗುವತನಕ ನರ್ಮದೆಯನ್ನು ದಾಟಬಾರದು ಅವರು,
ಮೊಣಕಾಲುದ್ದ ನೀರಿದ್ದರೂ ದಂಡೆಗುಂಟ ನಡೆಯಬೇಕು.
ಹಾಗಾಗಿ ಅಂಬಿಗನಾದ ನನ್ನ ಕಸುಬಿನಲ್ಲಿ
ಅವರಿಗೆ ಕೊಡುವಂಥದ್ದು ಏನೂ ಇರಲಿಲ್ಲ.

ಹಿಟ್ಟು ಕೊಡುತ್ತಿದ್ದೆ.
ಹಿಟ್ಟು, ತೊಗರಿಬೇಳೆ, ಎರಡು ಹಸಿಮೆಣಸು, ಹರಳುಪ್ಪು:
ಸದಾವ್ರತ ಎನ್ನುತ್ತೇವೆ ನಾವು ನಿಮಾಡದವರು.
ತೇಪೆ ಜೋಳಿಗೆಯವರು 'ನರ್ಮದೇ ಹರ್' ಎಂದು ಬಾಗಿದರೆ
ನನ್ನೆದೆ ಹಾಯಿಯ ಹಾಗೆ ಗಾಳಿ ತುಂಬಿಕೊಳ್ಳುತ್ತಿತ್ತು.
'ಮನೆಗೆ ಮಾರಿ' ಎಂದಷ್ಟೇ ಅಂದು
ಸುಮ್ಮನಾಗುತ್ತಿದ್ದಳು ಕೇಸರ್‌ಬಾಯಿ.
ಗಾದೆಯ ಉಳಿದರ್ಧ
ಹೊಸ್ತಿಲಲ್ಲಿ ನಿಂತು ಹಿಟ್ಟು ಅಳೆಯುತ್ತಿತ್ತು.

ಘಾಟಿನ ಮೇಲೆ, ಹುಣಸೆಯ ಬುಡದಲ್ಲಿ,
ತುಳಜಾಗಿರಿ ಮಾಯಿಯ ಕುಟಿ.
ಆಕೆ ಯಾರ ಜೋಳಿಗೆಗೂ ಸುರಿದವಳಲ್ಲ.
ಮೊರವನ್ನು ಎರಡೂ ಕೈಯಲ್ಲಿ ತಗ್ಗಿಸಿ ಹಿಡಿಯುವಳು,
ಬಂದವರೇ ಮೇಲಿನಿಂದ ಬೇಕಾದಷ್ಟು ಎತ್ತಿಕೊಳ್ಳಬೇಕು.
ಯಾಕೆಂದು ಕೇಳಿದೆ ಒಮ್ಮೆ.
'ಬೆನ್ನು ನೋವು, ಎತ್ತರಕ್ಕೆ ಹಿಡಿಯಲಾಗುವುದಿಲ್ಲ.'
ಸುಳ್ಳು. ಅದೇ ಬೆನ್ನು ದಿನಾ ಮೂರು ಕೊಡ ನೀರು ಹೊತ್ತು
ಎಪ್ಪತ್ತೊಂದು ಮೆಟ್ಟಿಲು ಹತ್ತುತ್ತಿತ್ತು.

ಆ ವರ್ಷ ಕಾರ್ತಿಕ ಹುಣ್ಣಿಮೆಗೆ
ಒಂದಿಡೀ ಚೀಲ ಗೋಧಿಹಿಟ್ಟು ಹೊತ್ತು ತಂದು
ಆಕೆಯ ಮುಂದೆ ಇಳಿಸಿದೆ,
ನಾಲ್ಕು ಜನ ನೋಡುವ ಹೊತ್ತಿಗೆ ಸರಿಯಾಗಿ.
ಮಾಯಿ ಚಿಟಿಕೆ ತೆಗೆದು ನಾಲಿಗೆಗಿಟ್ಟಳು.

'ಗೇಂದಾಲಾಲ್, ನಿನ್ನ ದೋಣಿಗೆ ಹಲಗೆ ಬಡಿದವರು ಯಾರು?'
'ನಾನೂರಾಮ್ ಬಡಗಿ.'
'ಯಾವಾಗ?'
'ಹೋದ ವೈಶಾಖದ ಹಿಂದಿನ ವೈಶಾಖ.'
'ಕೂಲಿ?'

ನಾನು ನದಿಯತ್ತ ನೋಡಿದೆ.
ಇಂಥ ಹೊತ್ತಿನಲ್ಲಿ ನದಿ ಸಹಾಯಕ್ಕೆ ಬರುವುದಿಲ್ಲ.

'ಇದು ಅವನ ಮನೆಯ ಹಿಟ್ಟು,' ಅಂದಳು.
'ದಾರಿ ತಪ್ಪಿ ಇಲ್ಲಿಗೆ ಬಂದಿದೆ. ಎತ್ತು.'

ಇಳಿಸುವಾಗ ಇದ್ದುದಕ್ಕಿಂತ ಭಾರವಿತ್ತು ಚೀಲ.

ಹಿಟ್ಟು ಮಾರಿದೆ, ಬಲೆ ಅಡವಿಟ್ಟೆ.
ನಾನೂರಾಮ್ ಮನೆಯಲ್ಲಿರಲಿಲ್ಲ.
ರೊಟ್ಟಿ ತಟ್ಟುತ್ತಿದ್ದ ಅವನ ಹೆಂಡತಿ
ಕೈ ಒರೆಸಿಕೊಂಡು ಎಣಿಸಿದಳು. ಮತ್ತೆ ಎಣಿಸಿದಳು.
ಹರಿದ ಹತ್ತರ ನೋಟೊಂದನ್ನು ಬೆಳಕಿಗೆ ಹಿಡಿದು
'ಬೇರೆ ಕೊಡು' ಅಂದಳು.
ಕೂರು ಅನ್ನಲಿಲ್ಲ, ನೀರು ಬೇಕೇ ಅನ್ನಲಿಲ್ಲ.
ಬಾಗಿಲು ಹಾಕಿಕೊಂಡಳು.

ಕತ್ತಲಲ್ಲಿ ಕುಟಿಗೆ ಬಂದು
ಏಟು ತಿಂದ ಹುಡುಗನ ಹಾಗೆ ದೂರು ಹೇಳಿದೆ.
ಮಾಯಿ ನಕ್ಕಳು, ಬೋಳು ವಸಡು ಕಾಣುವಷ್ಟು.

'ಹಾಗಾದರೆ ಸರಿಯಾಗಿಯೇ ಸಂದಿದೆ.
ದಾನಕ್ಕೆ ಕೈ ಮುಗಿಯುತ್ತಾರೆ ಮಗಾ,
ಅದು ಅಲ್ಲಿಗಲ್ಲಿಗೇ ಖರ್ಚು.
ಕೊಡಬೇಕಾದ್ದನ್ನು ಕೊಟ್ಟರೆ ಬಾಗಿಲು ಹಾಕಿಕೊಳ್ಳುತ್ತಾರೆ.
ಆ ಬಾಗಿಲುಗಳನ್ನೆಲ್ಲ ಮೊದಲು ಮುಗಿಸಿ ಬಾ.
ಮೊರ ಎಲ್ಲಿಗೂ ಓಡಿಹೋಗುವುದಿಲ್ಲ.'

ಎಷ್ಟೊಂದು ಬಾಗಿಲು!
ಮದ್ದಿನ ಅಂಗಡಿಯದೊಂದು.
ತಂಗಿಯ ಪಾಲಿಗೆ ಸೇರಬೇಕಿದ್ದ ಅವ್ವನ ಬೆಳ್ಳಿ ಕಡಗ.
ನನ್ನ ಬದಲು ರಾತ್ರಿಯೆಲ್ಲ ಹುಟ್ಟು ಹಾಕಿದ ಪೋರ,
ಅವನ ಹೆಸರೇ ಮರೆತಿದ್ದೆ, ಊರೂರು ಕೇಳಿ ಹುಡುಕಿದೆ.
ಕೊನೆಗೆ ಕೇಸರ್‌ಬಾಯಿ. ಅವಳಿಗಿದ್ದ ಬಾಕಿ ಹಣವಲ್ಲ,
ಒಂದು ಮಾತು.
ಒಳಮನೆಯ ಆ ಬಾಗಿಲಿಗೆ ಆರು ವರ್ಷ ಹಿಡಿಯಿತು.

ಅಷ್ಟರಲ್ಲಿ ಅಣೆಕಟ್ಟಿನ ನೀರು ಹಿಂದಕ್ಕೆ ಹತ್ತಿ ಬಂತು.
ಮೆಟ್ಟಿಲು ಹೋದವು, ಕುಟಿ ಹೋಯಿತು,
ಹುಣಸೆಯ ತುದಿ ಮಾತ್ರ, ಅದರ ಮೇಲೊಂದು ನೀರುಕಾಗೆ.
ಮಾಯಿ ಅದಕ್ಕೂ ಮೊದಲಿನ ಮಾಘದಲ್ಲೇ ಹೊರಟಿದ್ದಳು,
ನದಿಗೆ ತಾನು ಕೊಡಬೇಕಾದ್ದನ್ನು ಕೊಟ್ಟು.

ಪುನರ್ವಸತಿಯ ತಗಡಿನ ಮನೆಯೆದುರು ಈಗ
ಅವಳ ಮೊರ ಹಿಡಿದು ನಿಲ್ಲುತ್ತೇನೆ.
ದಾರಿಯವರು ಮೇಲಿನಿಂದ ಎತ್ತಿಕೊಳ್ಳುತ್ತಾರೆ.
'ದಾತಾ' ಎಂದರೆ ಯಾರಾದರೂ,
ಹಾಯಿ ಈಗಲೂ ಕೊಂಚ ಅಲ್ಲಾಡುತ್ತದೆ, ಸುಳ್ಳೇಕೆ ಹೇಳಲಿ.

ಅಂಗಾಲು ಬೊಬ್ಬೆಯ ಹುಡುಗಿಯೊಬ್ಬಳು ಮೊನ್ನೆ ಕೇಳಿದಳು,
'ಇಷ್ಟೇಕೆ ತಗ್ಗಿಸಿ ಹಿಡಿಯುತ್ತೀರಿ, ಬಾಬಾ?'
'ಬೆನ್ನು ನೋವು' ಅಂದೆ.
ಈಗೀಗ ಅದು ನಿಜವೂ ಹೌದು.