ಏನೂ ಆಗದ ಕಾದಂಬರಿ

ಗ್ರಂಥಾಲಯದ ಸೀಲು ಬಿದ್ದ ಹನ್ನೊಂದನೇ ಪುಟದಲ್ಲೇ
ಯಾರೋ ಪೆನ್ಸಿಲಿನಲ್ಲಿ ಕೇಳಿದ್ದಾರೆ:
‘ಯುದ್ಧ ಎಲ್ಲಿ?’

ನನಗೂ ಅದೇ ಅನುಮಾನ.
ರಟ್ಟಿನ ಮೇಲೆ ರಾಕೆಟ್ಟು, ಉಂಗುರ ತೊಟ್ಟ ಗ್ರಹ;
ಒಳಗೆ ನೋಡಿದರೆ ಒಬ್ಬ ಮುದುಕಿ
ಸಣ್ಣದೊಂದು ಚಂದ್ರನ ಮೇಲೆ ಒಲೆ ರಿಪೇರಿ ಮಾಡುತ್ತಾಳೆ.
ನೌಕೆಗಳು ಬಂದು ಸಾಲಾಗಿ ನಿಲ್ಲುತ್ತವೆ,
ಒಲೆ ಸರಿಯಾಗುವ ತನಕ ನೌಕೆಯವರು ಗಂಜಿ ಕುಡಿಯುತ್ತಾರೆ.
ಅಷ್ಟೇ ಕತೆ.

ಮಂಡ್ಯ, ಸಕ್ಕರೆ ಕಾರ್ಖಾನೆ, ರಾತ್ರಿ ಪಾಳಿ.
ವೇಬ್ರಿಡ್ಜಿನ ಗೂಡಿನಲ್ಲಿ ಕೂತು ಓದುತ್ತೇನೆ.
ಲಾರಿ ಹತ್ತುತ್ತದೆ, ಅಂಕಿ ಬೆಳಗುತ್ತದೆ, ಚೀಟಿ ಹರಿಯುತ್ತೇನೆ,
ಒಂದು ಬೆರಳು ಮಾತ್ರ ಪುಟದಲ್ಲೇ.
ಕಾಕಂಬಿಯ ಘಾಟು ಕಿಟಕಿಯಿಂದ ಬಂದು
ಆ ಚಂದ್ರನಿಗೂ ಅಂಟಿಕೊಂಡಿದೆ;
ಬರೆದವರಿಗೆ ಇದು ಗೊತ್ತಿಲ್ಲ.

ಮುದುಕಿಗೊಂದು ಹಳೇ ಯಂತ್ರ, ಹೆಸರು ಬುಡ್ಡಿ.
ನಲವತ್ತರ ಮೇಲೆ ಎಣಿಕೆ ಬಾರದು ಅದಕ್ಕೆ.
‘ಸರಿ ಮಾಡಿಕೊಡಲಾ?’ ಎನ್ನುತ್ತಾಳೆ.
‘ಬೇಡ. ನಲವತ್ತಾದ ಮೇಲೆ ಎಲ್ಲವೂ
ಬೇಕಾದಷ್ಟು ಅಲ್ಲವೆ?’
ಇಲ್ಲಿ ಪುಸ್ತಕ ಮಡಿಸಿಟ್ಟು
ಹೋಗಿ ಮುಖ ತೊಳೆದುಕೊಂಡೆ.
ನನ್ನದು ಕೆಲಸವೇ ಎಣಿಕೆ. ಹೆಚ್ಚುಕಮ್ಮಿಯಾದರೆ
ಮೆಮೊ ಬರುತ್ತದೆ.

ಪೆನ್ಸಿಲಿನವನು ಐವತ್ತೆರಡರಲ್ಲಿ: ‘ಇನ್ನೂ ಏನೂ ಆಗಿಲ್ಲ.’
ತೊಂಬತ್ತೊಂದರಲ್ಲಿ: ‘ಈಗ ಆಗುತ್ತೆ ನೋಡು.’
ನೌಕೆಯೊಂದು ಬಂದಿದೆ, ಕರಿಯದು, ದೀಪವಿಲ್ಲದ್ದು.
ನನಗೂ ಎದೆ ಡವಗುಟ್ಟಿತು, ಲಾರಿಯ ಹಾರನ್ ಕೇಳಿಸಲಿಲ್ಲ.
ಬಾಗಿಲು ತೆರೆದರೆ ಒಬ್ಬ ಹುಡುಗ,
ಒಂದು ಹಿಡಿ ಉಪ್ಪು ಕಡ ಕೇಳಲು ಬಂದವನು.

ಅಲ್ಲಿಂದಾಚೆಗೆ ಪೆನ್ಸಿಲು ಬಹಳ ದೂರ ಸುಮ್ಮನಿದೆ.
ಬುಡ್ಡಿಯ ಮೊಣಕಾಲಿಗೆ ತುಕ್ಕು ಹಿಡಿದು
ಮುದುಕಿ ಎಣ್ಣೆ ಹಚ್ಚುವ ಕಡೆ, ಅಂಚಿನಲ್ಲಿ,
ಅಕ್ಷರ ಸಣ್ಣಗಾಗಿ:
‘ಏನೂ ಆಗದಿರಲಿ ದೇವರೇ.’

ಯಾರಪ್ಪ ನೀನು? ಗುತ್ತಲಿನವನೋ, ಹೊಸಹಳ್ಳಿಯವನೋ,
ಆಸ್ಪತ್ರೆಯಲ್ಲಿ ಯಾರದೋ ಮಂಚದ ಪಕ್ಕ ಕೂತು ಓದಿದೆಯೋ?
ಹಿಂದೆ ಅಂಟಿಸಿದ ಚೀಟಿಯಲ್ಲಿ
ತಾರೀಖುಗಳಿವೆ, ಹೆಸರಿಲ್ಲ.

ತಕರಾರಿಲ್ಲವೆಂದಲ್ಲ. ನಡುವೆ ಹತ್ತು ಪುಟ ಬರೀ ಗಂಜಿ.
ಆ ಹುಡುಗನ ತಾಯಿ ಏನಾದಳೋ, ಹೇಳಲು ಮರೆತಿದ್ದಾರೆ.
ಕೊನೆಯ ಹಾಳೆ ಹರಿದುಹೋಗಿದೆ;
ಅದು ಲೇಖಕರ ತಪ್ಪಲ್ಲ.

ಮೂರೂವರೆಗೆ ಸಣ್ಣಬೋರಯ್ಯ ಗಾಡಿ ಬಿಟ್ಟು ನಡೆದು ಬಂದು
ಕಿಟಕಿಗೆ ತಲೆ ತೂರಿಸಿದ:
‘ನನ್ ಮುಂದೆ ಇನ್ನೆಷ್ಟು ಗಾಡಿ ಅವೆ, ಒಸಿ ನೋಡಿ ಸ್ವಾಮಿ.’
ಎದ್ದು ನಿಂತು ಎಣಿಸಿದೆ. ನಲವತ್ತಕ್ಕೆ ನಿಲ್ಲಿಸಿದೆ.
‘ಬೇಕಾದಷ್ಟವೆ ಕಣೋ. ಬಾ, ಫ್ಲಾಸ್ಕಲ್ಲಿ ಟೀ ಐತೆ.’