ಸೊನೆ ಹೆಸರು ಕೇಳುತ್ತದೆ

ಜೋಬೋಜಿಯ ಕಾಡಿನಲ್ಲಿ ಜೂನ್ ತಿಂಗಳು.
ಉರುಶಿ ಮರಕ್ಕೆ ಅಡ್ಡಗೆರೆ ಎಳೆದು
ಬೆಳ್ಳಗೆ ಒಸರಿ ಗಾಳಿ ಸೋಕಿದರೆ ಕಪ್ಪಾಗುವ ಸೊನೆಯನ್ನು
ಕೆರೆದು ಕೆರೆದು ತೊಗಟೆಯ ಡಬ್ಬಿಗೆ ತುಂಬುವುದು ಕೆಲಸ.
ಒಂದು ಮರ ತನ್ನ ಆಯುಸ್ಸಿಗೆಲ್ಲ ಕೊಡುವುದು ಒಂದೇ ಲೋಟ.
ಅದರಲ್ಲೊಂದು ಹನಿ
ಮೊದಲ ವಾರವೇ ನನ್ನ ಮಣಿಕಟ್ಟಿಗೆ ಬಿತ್ತು.

ಮೂರನೇ ದಿನ ಕಣ್ಣೇ ತೆರೆಯಲಿಲ್ಲ.
ರೆಪ್ಪೆ ಎರಡೂ ಹಬೆಯಲ್ಲಿ ಬೆಂದ ಕಡುಬು,
ಬೆರಳ ಸಂದಿಯಲ್ಲಿ ನೀರ್ಗುಳ್ಳೆ,
ತುರಿಕೆಯೆಂದರೆ, ಮೈಯ ಬಾಗಿಲನ್ನೆಲ್ಲ
ಯಾರೋ ಒಟ್ಟಿಗೇ ಬಡಿದ ಹಾಗೆ.
ಬಾಡಿಗೆ ಮನೆಯೊಡತಿ ಸ್ನಾನದ ಕೋಣೆಗೆ ಬೀಗ ಹಾಕಿದಳು.
ಮೇಸ್ತ್ರಿಯ ಹೆಂಡತಿ ತೊರೆಯ ಏಡಿ ಜಜ್ಜಿ ರಸ ಹಚ್ಚಿದರು;
ವಾಸನೆ ಉಳಿಯಿತು, ಉರಿಯೂ ಉಳಿಯಿತು.
ಮೇಸ್ತ್ರಿ ತೊಕುಜೋ ನಕ್ಕರು:
“ಸೊನೆ ನಿನ್ನ ಹೆಸರು ಕೇಳ್ತಿದೆ, ಚಿಗುಸಾ.
ಹೇಳೋವರೆಗೂ ಬಿಡಲ್ಲ.”

ಹೇಳಿದೆ. ಮೂರು ಬೇಸಿಗೆ
ಚರ್ಮ ಸುಲಿಸುಲಿದು ಹೇಳಿದೆ.

ನಾಲ್ಕನೆಯದರಲ್ಲಿ ಅಂಗೈ ತುಂಬ ಚೆಲ್ಲಿಕೊಂಡೆ.
ಬರುತ್ತೇನೆಂದ ನೆಂಟನನ್ನು ಕಾದಂತೆ
ದೀಪ ಆರಿಸದೆ ಮೂರು ರಾತ್ರಿ ಕಾದೆ.
ಬರಲಿಲ್ಲ.
ಅಂಗೈಯಲ್ಲಿ ಕಪ್ಪು ಕಲೆ, ಅಷ್ಟೇ.
ಏನನ್ನೋ ಕಳೆದುಕೊಂಡಂತೆ ಅತ್ತೆ. ಯಾಕೋ.

ನಿನೊಹೆಯ ಚರ್ಮವೈದ್ಯೆ ಶಿಮೊಟೊಮಾಯ್
ತೋಳಿನಿಂದ ಅಕ್ಕಿಕಾಳಿನಷ್ಟು ಚೂರು ತೆಗೆದು
ಬಣ್ಣವೂಡಿಸಿ ಗಾಜಿನಡಿ ತೋರಿಸಿದರು.
ಹೊರಪದರದ ಒತ್ತಿನಲ್ಲಿ
ಕೈ ಚಾಚಿ ನಿಂತ ಕವಲು ಕವಲು ಕಣಗಳು,
ಎಲೆ ಉದುರಿದ ನಮ್ಮ ಮರಗಳ ಹಾಗೇ.
“ಬಂದದ್ದನ್ನೆಲ್ಲ ಇವು ಮುಟ್ಟಿ ನೋಡುತ್ತವೆ,
ತುಣುಕು ಹೊತ್ತು ಕಂಕುಳ ಗ್ರಂಥಿಗೆ ಇಳಿಯುತ್ತವೆ.
ಮೊದಲು ಅಲ್ಲಿಯ ಪಡೆಗೆ ‘ಏಳಿ, ಹಗೆ’ ಎಂದವು.
ಈಗ ಅದೇ ತುಣುಕು ತೋರಿಸಿ
‘ಗೊತ್ತಿರುವವನೇ, ಕೂತಿರಿ’ ಎನ್ನುತ್ತಿರಬೇಕು.
ಹೀಗೆಂದು ನಮ್ಮ ಅಂದಾಜು.”
“ಹಾಗಾದರೆ ಅಲರ್ಜಿ ಮಲಗಿದೆಯೇ?”
“ಎಲ್ಲಿ ಮಲಗುತ್ತದೆ? ಸಿಡುಕುವ ಕಣಗಳು ಇದ್ದೇ ಇವೆ.
ತಡೆಯುವ ಕಣಗಳು ಅವುಗಳ ಹೆಗಲ ಮೇಲೆ ಕೈಯಿಟ್ಟಿವೆ.
ಸುಮ್ಮನಿರಿಸುವುದಕ್ಕೂ ದುಡಿಯಬೇಕಮ್ಮ.”

ಬಸ್ಸಿನಲ್ಲಿ ಅಮ್ಮ ನೆನಪಾದಳು.
ಹಾಚಿನೊಹೆಯ ಮೀನಂಗಡಿಯಲ್ಲಿ
ಅಪ್ಪ ಗಿರಾಕಿಯ ಮೇಲೆ ಏರಿಹೋಗುವಾಗ
ಅವನ ಅಂಗಿಯ ತೋಳನ್ನು ಎರಡೇ ಬೆರಳಲ್ಲಿ ಹಿಡಿದು
ಬಂಗಡೆಯ ದರ ಹೇಳುತ್ತಿದ್ದಳು, ಮೆಲ್ಲಗೆ.
ಅವಳಿಗೆ ಸಿಟ್ಟೇ ಬರುವುದಿಲ್ಲ
ಎಂದುಕೊಂಡೇ ಬೆಳೆದಿದ್ದೆ.

ಸೊಂಟ ಮುರಿದು ಎರಡು ಚಳಿಗಾಲ ಮಲಗಿದ್ದ ತೊಕುಜೋ
ಈ ಜೂನ್‌ನಲ್ಲಿ ಕೋಲೂರಿಕೊಂಡು ಬಂದರು.
ಐವತ್ತು ವರ್ಷ ಪಳಗಿದ ಕೈ.
ಉಳಿ ಹಿಡಿದು ಒಂದೇ ಒಂದು ಗೆರೆ ಎಳೆದರು.
ಮೂರನೇ ದಿನ ಮಣಿಕಟ್ಟಿನ ಸುತ್ತ ಕೆಂಪು ಬಳೆ!
ಏಡಿ ಹುಡುಕಲು ಓಡಿದವಳನ್ನು ಕರೆದು ಕೂರಿಸಿದರು.
ತುರಿಸಿಕೊಳ್ಳುತ್ತ, ಹೊಸ ಚಪ್ಪಲಿ ತೋರಿಸುವ ಹುಡುಗನ ಹಾಗೆ
ಕೈ ಮುಂದೆ ಚಾಚಿ,
“ನೋಡು, ಮರೆತೇಬಿಟ್ಟಿದೆ. ಮತ್ತೆ ಕೇಳ್ತಿದೆ ಹೆಸರು.”

“ಹೇಳಿದಿರಾ?”

“ಕಾಯಲಿ.”